ಎಂಟು ತೂತಿನ ಡಬ್ಬಿಗೆ ನಲವತ್ತೆರಡು ಸಾವಿರ

ನನಗೊಂದು ಕಾಯಿಲೆ ಇದೆ. ಬಿ.ಪಿ., ಶುಗರ್ ಎಲ್ಲರಿಗೂ ಇರುವಂಥವು, ಅವುಗಳ ಮಾತು ಬಿಡಿ. ನನ್ನ ಕಾಯಿಲೆ ಏನೆಂದರೆ, ಯಾರಾದರೂ ಒಂದು ಸಂಖ್ಯೆ ಹೇಳಿದ ತಕ್ಷಣ ನನ್ನ ಬಾಯಿ ನನ್ನನ್ನು ಕೇಳದೆಯೇ 'ಜಾಸ್ತಿಯಾಯ್ತು' ಎಂದುಬಿಡುತ್ತದೆ. ವಸ್ತು ಯಾವುದು, ನನಗೆ ಅದು ಬೇಕೋ ಬೇಡವೋ ಎಂಬುದೆಲ್ಲ ಆಮೇಲಿನ ವಿಚಾರ. ಚಾಮರಾಜನಗರದ ಸಂತೆಯಲ್ಲಿ ದಂಟಿನ ಸೊಪ್ಪು ಕಟ್ಟಿಗೆ ಹತ್ತು ರೂಪಾಯಿ ಎಂದರೆ 'ಹದಿನೈದಕ್ಕೆ ಎರಡು ಹಾಕಮ್ಮ' ಎನ್ನುತ್ತೇನೆ. ಮನೆಯಲ್ಲಿ ಇರುವವರು ಇಬ್ಬರು. ಎರಡನೆಯ ಕಟ್ಟು ಮೂರು ದಿನ ಫ್ರಿಜ್ಜಿನಲ್ಲಿದ್ದು, ಬಾಡಿ, ಎದುರು ಮನೆಯ ಹಸುವಿನ ಹೊಟ್ಟೆ ಸೇರುತ್ತದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗ, ಕೆಳಗಿನಿಂದ ಮೇಲಕ್ಕೆ ಕರೆದುಕೊಂಡು ಹೋಗುವ ಬಸ್ಸಿನ ಕಂಡಕ್ಟರನ್ನು 'ಹೋಗೋದು ಬರೋದು ಸೇರಿ ಎಷ್ಟಕ್ಕೆ ಬಿಡ್ತೀರಿ' ಎಂದು ಕೇಳಿದೆ. ಹಿಂದಿನ ಸೀಟಿನವರೆಲ್ಲ ನಕ್ಕರು. ನನ್ನ ಹೆಂಡತಿ ಗೌರಮ್ಮ, ನಾನು ಯಾರೋ ಅವಳು ಯಾರೋ ಎಂಬಂತೆ ಕಿಟಕಿಯ ಕಡೆ ತಿರುಗಿ ಮಂಜು ನೋಡುತ್ತ ಕೂತಳು. ಡಾಕ್ಟರು 'ದಿನಕ್ಕೆ ನಲವತ್ತು ನಿಮಿಷ ನಡೀಬೇಕು' ಎಂದಾಗ ನಾನು 'ಇಪ್ಪತ್ತೈದು ಮಾಡಿ ಡಾಕ್ಟ್ರೇ' ಎಂದೆ. ಪಾಪ, ಅವರು ಮೂವತ್ತಕ್ಕೆ ಒಪ್ಪಿಕೊಂಡರು.

ಗೌರಮ್ಮ ಆಗಾಗ ಹೇಳುತ್ತಾಳೆ: "ನಮ್ಮಪ್ಪ ನಿಮಗೆ ಹುಡುಗಿ ವಯಸ್ಸು ಇಪ್ಪತ್ತೆರಡು ಅಂದಾಗ ನೀವು ಇಪ್ಪತ್ತು ಮಾಡ್ಕೊಳ್ಳಿ ಅಂದಿರ್ಬೇಕು ಕಣ್ರೀ. ಅದಕ್ಕೇ ಅವರು ಆವತ್ತು ಒಳಗೆ ಬಂದು ಅಷ್ಟು ಹೊತ್ತು ನಕ್ಕಿದ್ದು." ನಾನು ಹಾಗೆ ಕೇಳಿದ ನೆನಪು ನನಗಿಲ್ಲ. ಕೇಳಿರಲಾರೆ ಎಂದು ಧೈರ್ಯವಾಗಿ ಹೇಳುವ ಸ್ಥಿತಿಯಲ್ಲೂ ನಾನಿಲ್ಲ.

ಇಂಥ ಕಾಯಿಲೆಯವನಿಗೆ ದೇವರು ತಕ್ಕ ಕೆಲಸವನ್ನೇ ಕೊಟ್ಟಿದ್ದಾನೆ. ಗುಂಡ್ಲುಪೇಟೆಯ ಹೊರಗೆ ಇರುವ ಒಂದು ಚೆಂಡುಹೂವಿನ ಕಾರ್ಖಾನೆಯಲ್ಲಿ ನಾನು ಖರೀದಿ ವಿಭಾಗ. ವಿಭಾಗದಲ್ಲಿದ್ದೇನೆ ಎಂದಲ್ಲ, ವಿಭಾಗವೇ ನಾನು. ನನ್ನ ಜೊತೆಗೆ ಒಂದು ಮೇಜು, ಒಂದು ಕ್ಯಾಲ್ಕುಲೇಟರು, ಬಾಗಿಲು ಪೂರ್ತಿ ಮುಚ್ಚದ ಒಂದು ಬೀರು. ದಿನಾ ಬೆಳಿಗ್ಗೆ ಚಾಮರಾಜನಗರದಿಂದ ಬಸ್ಸು ಹತ್ತಿ, ತೆರಕಣಾಂಬಿ ದಾಟುವ ಹೊತ್ತಿಗೆ ಒಂದು ಸಣ್ಣ ನಿದ್ದೆ ಮುಗಿಸಿ, ಕಾರ್ಖಾನೆಯ ಗೇಟಿನಲ್ಲಿ ಇಳಿಯುತ್ತೇನೆ. ಒಳಗೆ ಹೂವೋ ಹೂವು. ಸುತ್ತಮುತ್ತಲಿನ ಹೊಲಗಳಿಂದ ಟೆಂಪೋಗಳಲ್ಲಿ ಬಂದ ಹೂವನ್ನು ಗುಂಡಿಯಲ್ಲಿ ತುಂಬಿ, ಹುಳಿಯಾಗಲು ಬಿಟ್ಟು, ಹಿಂಡಿ, ಒಣಗಿಸಿ, ಬಣ್ಣ ತೆಗೆಯುವುದು ನಮ್ಮ ಉದ್ಯೋಗ. ಹೊಸಬರು ಹೂವಿನ ಕಾರ್ಖಾನೆ ಎಂದು ಆಸೆಯಿಂದ ಒಳಗೆ ಬಂದು, ಹುಳಿಗುಂಡಿಯ ವಾಸನೆಗೆ ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಾರೆ. ನಮ್ಮ ಬಣ್ಣ ಎಲ್ಲಿಗೆ ಹೋಗುತ್ತದೆ ಎಂದರೆ ಬಹುಪಾಲು ಕೋಳಿಯ ಮೇವಿಗೆ. ಅದನ್ನು ತಿಂದರೆ ಮೊಟ್ಟೆಯೊಳಗಿನ ಹಳದಿ ಇನ್ನೂ ಹಳದಿಯಾಗುತ್ತದಂತೆ. ನಮ್ಮ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವ ಹಾಗಿಲ್ಲ. ಮೂರು ಹೊತ್ತು ವಿಭೂತಿ ಇಟ್ಟುಕೊಳ್ಳುವ ನಾನು ಜೀವಮಾನವಿಡೀ, ಒಮ್ಮೆಯೂ ನೋಡದ ಯಾರೋ ಕೋಳಿಗಳ ಮೊಟ್ಟೆಗೆ ಬಣ್ಣ ಹಚ್ಚುತ್ತ ಕಾಲ ಕಳೆದಿದ್ದೇನೆ. ಇದನ್ನು ನಮ್ಮ ಮಾವನವರಿಗೆ ಹೇಳಿಲ್ಲ. ಅವರು ಈಗಲೂ ನಾನು ದೇವರ ಹೂವಿನ ವ್ಯಾಪಾರದಲ್ಲಿದ್ದೇನೆ ಎಂದೇ ತಿಳಿದಿದ್ದಾರೆ.

ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಹೂವು ಒಣಗಿಸುವ ಒಂದು ದೊಡ್ಡ ಡ್ರೈಯರ್ ಇದೆ. ಎರಡು ಅಂತಸ್ತಿನ ಮನೆಯಷ್ಟು ಎತ್ತರ. ಅದರ ಬಿಸಿ ಸ್ವಲ್ಪ ಏರಿದರೆ ಹೂವಿನ ಬಣ್ಣ ಸುಟ್ಟುಹೋಗುತ್ತದೆ, ಸ್ವಲ್ಪ ಇಳಿದರೆ ಹೂವು ಒಣಗದೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಒಬ್ಬರು ಇಪ್ಪತ್ತಾರು ಕಬ್ಬಿಣದ ಮೆಟ್ಟಿಲು ಹತ್ತಿ, ಮೇಲಿರುವ ಗಡಿಯಾರದಂಥ ಮೀಟರಿನಲ್ಲಿ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿ ಕೆಳಗಿನವರಿಗೆ ಹೇಳಬೇಕು. ಹನ್ನೊಂದು ವರ್ಷ ಈ ಕೆಲಸ ಮಾಡಿದವರು ಬೇಗೂರಿನಿಂದ ಬರುವ ಚಿಕ್ಕತಾಯಮ್ಮ. ಐವತ್ತೈದರ ಆಸುಪಾಸಿನವರು, ಸಣ್ಣ ಆಳು, ಮಾತು ಕಡಿಮೆ. ಓದಿದ್ದು ನಾಲ್ಕನೇ ಕ್ಲಾಸು, ಆದರೆ ಮೀಟರಿನ ಮುಳ್ಳು ಎರಡು ಗೆರೆಗಳ ನಡುವೆ ನಿಂತರೂ ಅರ್ಧ ಡಿಗ್ರಿ ತಪ್ಪದಂತೆ ಹೇಳುತ್ತಾರೆ. ಅವರ ಎರಡು ಮಂಡಿಯೂ ಸವೆದುಹೋದವು. ಇನ್ನು ಮೆಟ್ಟಿಲು ಹತ್ತಬಾರದು ಎಂದು ಮೈಸೂರಿನ ಡಾಕ್ಟರು ಚೀಟಿಯಲ್ಲಿ ಬರೆದು, ಕೆಳಗೆ ಗೆರೆ ಬೇರೆ ಎಳೆದುಕೊಟ್ಟರು. ಮೆಟ್ಟಿಲು ಹತ್ತದವರಿಗೆ ಆ ಕೆಲಸವಿಲ್ಲ, ಆ ಕೆಲಸವಿಲ್ಲದೆ ಅವರ ಮನೆ ನಡೆಯುವುದಿಲ್ಲ.

ನಮ್ಮ ಮ್ಯಾನೇಜರ್ ಬಾಲನ್ ಸಾರ್ ಕೇರಳದವರು. ಗುಂಡ್ಲುಪೇಟೆಯ ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತ ಕನ್ನಡ ಅವರದು, ಮನಸ್ಸು ಮಾತ್ರ ಒಳ್ಳೆಯದು. ಅವರೇ ಒಂದು ದಾರಿ ಹುಡುಕಿದರು. ಡ್ರೈಯರಿನ ಉದ್ದಕ್ಕೂ ಹೊಸ ಮೀಟರುಗಳನ್ನು ಹಾಕಿಸಿ, ವಯರು ಎಳೆಸಿ, ಎಲ್ಲ ಲೆಕ್ಕವೂ ಕೆಳಗಿನ ಪ್ಯಾನೆಲ್ ರೂಮಿನ ಕಂಪ್ಯೂಟರಿಗೆ ಬರುವಂತೆ ಮಾಡುವುದು. ಚಿಕ್ಕತಾಯಮ್ಮ ಕುರ್ಚಿಯಲ್ಲಿ ಕೂತು ಪರದೆ ನೋಡಿ ಹೇಳುವುದು. ನಮ್ಮ ಎಲೆಕ್ಟ್ರಿಷಿಯನ್ ಸಿದ್ದರಾಜು, ಹರವೆಯವನು, ಹದಿನೈದು ದಿನದಲ್ಲಿ ವಯರೆಲ್ಲ ಎಳೆದು ಮುಗಿಸಿದ. ಇನ್ನು ಒಂದೇ ವಸ್ತು ಬಾಕಿ. ಬೇರೆ ಬೇರೆ ಮೀಟರಿನಿಂದ ಬರುವ ವಯರುಗಳೆಲ್ಲ ಒಂದು ಡಬ್ಬಿಗೆ ಬಂದು ಸೇರಿ, ಅಲ್ಲಿಂದ ಒಂದೇ ವಯರಾಗಿ ಕಂಪ್ಯೂಟರಿಗೆ ಹೋಗಬೇಕು. ಆ ಡಬ್ಬಿಯ ಹೆಸರು ಇಂಡಸ್ಟ್ರಿಯಲ್ ನೆಟ್‌ವರ್ಕ್ ಸ್ವಿಚ್. ಹೆಸರು ಸ್ವಿಚ್ ಆದರೂ ಅದರಲ್ಲಿ ಒತ್ತಲು ಏನೂ ಇಲ್ಲ. ಎಂಟು ತೂತು, ಎಂಟು ಪುಟಾಣಿ ದೀಪ, ಅಷ್ಟೇ. ಅದಕ್ಕೆ ಮೈಸೂರಿನ ವ್ಯಾಪಾರಿ ಕಳಿಸಿದ ಕೊಟೇಶನ್ನಿನಲ್ಲಿ ನಲವತ್ತೆರಡು ಸಾವಿರ ಎಂದು ಬರೆದಿತ್ತು.

ನನ್ನ ಬಾಯಿ ಏನು ಅಂದಿತು ಎಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಸಿದ್ದರಾಜು ನನ್ನ ಮೇಜಿನ ಮುಂದೆಯೇ ನಿಂತಿದ್ದ. "ಸಾ, ಇದು ನಮ್ಗಲ್ಲ ಕಣ್ ಸಾ, ದೊಡ್ಡವ್ವನ ಮಂಡಿಗೆ" ಎಂದ. ಚಿಕ್ಕತಾಯಮ್ಮನನ್ನು ಅವನು ದೊಡ್ಡವ್ವ ಎನ್ನುತ್ತಾನೆ. "ಡಬ್ಬಿ ಸರಿಯಾಗಿದ್ರೆ ದೊಡ್ಡವ್ವ ಕುರ್ಚಿ ಮ್ಯಾಲೆ, ಇಲ್ದಿದ್ರೆ ಮೆಟ್ಲು ಮ್ಯಾಲೆ. ಅಷ್ಟೇಯ." ನಾನು ಗಂಭೀರವಾಗಿ ತಲೆಯಾಡಿಸಿ, ಮಂಡಿಗೂ ನನ್ನ ಚೌಕಾಸಿಗೂ ಸಂಬಂಧವಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ವ್ಯಾಪಾರಿಗೆ ಫೋನ್ ಹಚ್ಚಿದೆ.

ಆತ ಬಹಳ ತಾಳ್ಮೆಯ ಮನುಷ್ಯ. ಅವನ ಹಾಗೆ ವಿವರಿಸುವವರು ನನಗೆ ಹೈಸ್ಕೂಲಿನಲ್ಲಿ ಸಿಕ್ಕಿದ್ದರೆ ನಾನು ಗಣಿತದಲ್ಲಿ ಪಾಸಾಗಿರುತ್ತಿದ್ದೆ. "ಸರ್, ಇದರ ಮೈ ಪ್ಲಾಸ್ಟಿಕ್ ಅಲ್ಲ, ಲೋಹ. ಒಳಗಿನ ಬಿಸಿಯನ್ನು ಮೈಯಿಂದಲೇ ಹೊರಗೆ ಬಿಡುತ್ತೆ, ಅದಕ್ಕೆ ಫ್ಯಾನ್ ಇಲ್ಲ. ಫ್ಯಾನ್ ಇಲ್ಲದ್ದರಿಂದ ಧೂಳು ಒಳಗೆ ಹೋಗಲ್ಲ. ಕರೆಂಟು ಎರಡು ಕಡೆಯಿಂದ ಕೊಡಬಹುದು, ಒಂದು ಹೋದರೆ ಇನ್ನೊಂದು ಹಿಡ್ಕೊಳ್ಳುತ್ತೆ. ಮೈನಸ್ ನಲವತ್ತು ಡಿಗ್ರಿಯಿಂದ ಎಪ್ಪತ್ತೈದು ಡಿಗ್ರಿವರೆಗೂ ಕೆಲಸ ಮಾಡುತ್ತೆ" ಎಂದ. ನಾನು ಅಲ್ಲೇ ಹಿಡಿದೆ. "ಮೈನಸ್ ನಲವತ್ತು ಯಾಕೆ ಸ್ವಾಮಿ? ನಮ್ಮ ಕಡೆ ಚಳಿ ಅಂದ್ರೆ ಬೆಟ್ಟದ ಮೇಲೆ ಬೆಳಗಿನ ಜಾವ ಒಂದು ಸ್ವೆಟರ್ ಹಾಕ್ಕೊಳ್ಳೋವಷ್ಟು. ಆ ಮೈನಸ್ಸು ನಮಗೆ ಬೇಡವೇ ಬೇಡ. ಅದನ್ನ ತೆಗೆದು, ಬರೀ ಬಿಸಿದು ಕೊಟ್ಟರೆ ಎಷ್ಟಾಗುತ್ತೆ?" "ಅದು ಹಾಗೆ ಬಿಡಿಬಿಡಿಯಾಗಿ ಬರಲ್ಲ ಸರ್" ಎಂದ. "ಎಷ್ಟು ವರ್ಷ ಬಾಳುತ್ತೆ?" ಎಂದೆ. "ಹದಿನೈದು ವರ್ಷಕ್ಕೆ ಮೋಸ ಇಲ್ಲ ಸರ್." "ನಾನು ರಿಟೈರ್ ಆಗೋಕೆ ಇರೋದು ನಾಲ್ಕು ವರ್ಷ. ನಾಲ್ಕು ವರ್ಷದ್ದು ಒಂದು ಕೊಡಿ." ಆತ ಮತ್ತೆ ಫೋನ್ ಮಾಡುತ್ತೇನೆಂದು ಹೇಳಿ ಇಟ್ಟ. ಮಾಡಲಿಲ್ಲ.

ಆ ಶನಿವಾರ ಚಾಮರಾಜನಗರದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಅಂಥದೇ ಡಬ್ಬಿ ಕಂಡೆ. ಎಣಿಸಿದೆ, ಎಂಟೇ ತೂತು. ದೀಪವೂ ಎಂಟು. ಬೆಲೆ ಸಾವಿರದ ನಾನೂರು. ಸಾವಿರದ ಇನ್ನೂರಕ್ಕೆ ಇಳಿಸಿ, ಗೋಡೆಗೆ ಹೊಡೆಯಲು ಎರಡು ಮೊಳೆಯನ್ನೂ ಪುಕ್ಕಟೆ ಇಸಿದುಕೊಂಡೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ನನಗಾದ ಸಂತೋಷ, ನಿಜ ಹೇಳುತ್ತೇನೆ, ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಗೌರಮ್ಮ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಸಿದ್ದರಾಜು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಸಾ, ಇದು ಆಫೀಸ್ನಲ್ಲಿ ಮೇಜ್ ಮ್ಯಾಲೆ ಇಕ್ಕೋದು. ಡ್ರೈಯರ್ ಗ್ವಾಡೆ ಮ್ಯಾಲೆ ಬ್ವಾಡು" ಎಂದ. "ತೂತು ಎಷ್ಟಿದೆ?" ಎಂದೆ. "ಎಂಟದೆ." "ನೀನು ಕೇಳಿದ್ದು ಎಷ್ಟು?" "ಎಂಟೇಯ." "ಮತ್ತೆ?" ಎಂದು ನಾನು ಗೆದ್ದೆ. ಡ್ರೈಯರಿನ ಪಕ್ಕದ ಗೋಡೆಗೆ, ಪುಕ್ಕಟೆ ಮೊಳೆಯ ಮೇಲೆಯೇ, ಡಬ್ಬಿ ಏರಿತು. ದೀಪಗಳೆಲ್ಲ ಪಿಳಿಪಿಳಿ ಎಂದವು. ಚಿಕ್ಕತಾಯಮ್ಮ ಕುರ್ಚಿಯಲ್ಲಿ ಕೂತರು.

ತಿಂಗಳ ಮೀಟಿಂಗಿನಲ್ಲಿ ಬಾಲನ್ ಸಾರ್ ಎದ್ದು ನಿಂತು, "ನಲವತ್ತೆರಡು ಸಾವಿರದ್ದು ಸಾವಿರದ ಇನ್ನೂರಕ್ಕೆ! ಕಲೀಬೇಕು ಎಲ್ಲರೂ" ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಆಮೇಲಿನ ಮೂರು ತಿಂಗಳು ನನ್ನ ಹತ್ತಿರ ಬಸ್ಸಿನಲ್ಲಿ ಕೂತವರೆಲ್ಲ ಈ ಕಥೆ ಕೇಳಿದ್ದಾರೆ. ಒಬ್ಬ ಮೇಷ್ಟ್ರಂತೂ ನನ್ನನ್ನು ಕಂಡರೆ ನಿಂತೇ ಪ್ರಯಾಣ ಮಾಡಲು ಶುರು ಮಾಡಿದರು. ದಿನಾ ಮೂರು ಗಂಟೆಗೆ ಟೀ ಕುಡಿದು, ನಾನು ಡ್ರೈಯರಿನ ಕಡೆ ಒಂದು ಸುತ್ತು ಹೋಗಿ ನನ್ನ ಡಬ್ಬಿಯನ್ನು ನೋಡಿ ಬರುತ್ತಿದ್ದೆ. ಸೋಮವಾರ ಸೋಮವಾರ ಅದಕ್ಕೆ ಮೂರೆಳೆ ವಿಭೂತಿ ಎಳೆದು, ಒಂದು ಊದುಬತ್ತಿ ಸಿಕ್ಕಿಸುತ್ತಿದ್ದೆ. ದೀಪಗಳು ನನ್ನನ್ನು ಕಂಡು ಮಿನುಗಿದಂತೆ ಅನಿಸುತ್ತಿತ್ತು. "ಹೇಗಿದೆ ಚಿಕ್ಕತಾಯಮ್ಮ?" ಎಂದು ಕೇಳಿದರೆ ಅವರು ಕುರ್ಚಿಯಿಂದ ಅರ್ಧ ಎದ್ದು, "ಚೆಂದಾಗದೆ ಸಾ, ಒಂದಿನವೂ ಕೈ ಕೊಟ್ಟಿಲ್ಲ" ಎನ್ನುತ್ತಿದ್ದರು. ಸಿದ್ದರಾಜು ಆ ಹೊತ್ತಿಗೆ ಯಾವಾಗಲೂ ಬಗ್ಗಿ ಏನೋ ಹುಡುಕುತ್ತಿರುತ್ತಿದ್ದ.

ಒಂದು ದಿನ ನನಗೆ ನೆಗಡಿ, ಸಣ್ಣ ಜ್ವರ. ಮಧ್ಯಾಹ್ನದ ಬಸ್ಸಿಗೇ ಮನೆಗೆ ಹೋಗಿಬಿಡೋಣ ಎಂದುಕೊಂಡೆ. ಹೋಗುವ ಮೊದಲು ಡಬ್ಬಿಯನ್ನು ನೋಡದೆ ಹೋಗಲು ಮನಸ್ಸು ಬರಲಿಲ್ಲ. ಮೂರಕ್ಕೆ ಬದಲು ಒಂದೂವರೆಗೇ ಆ ಕಡೆ ನಡೆದೆ. ಹೊರಗೆ ಜಿಟಿಜಿಟಿ ಮಳೆ ಇದ್ದರೂ ಡ್ರೈಯರಿನ ಪಕ್ಕ ಯಾವಾಗಲೂ ಬೇಸಿಗೆಯೇ. ಗೋಡೆ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ನೋಡುತ್ತೇನೆ, ನನ್ನ ಡಬ್ಬಿಯ ಮೇಲೆ ಒದ್ದೆ ಟವೆಲ್ಲು! ಜ್ವರ ಬಂದ ಮಗುವಿನ ಹಣೆಗೆ ಹಾಕಿದ ಹಾಗೆ ನಾಲ್ಕು ಮಡಿಕೆ ಮಾಡಿ ಹಾಕಿದೆ. ಎದುರಿಗೆ ಸ್ಟೂಲಿನ ಮೇಲೆ ಒಂದು ಟೇಬಲ್ ಫ್ಯಾನು ಅದರ ಮುಖಕ್ಕೆ ಗಾಳಿ ಬೀಸುತ್ತಿದೆ. ದೀಪ ಒಂದೂ ಇಲ್ಲ. ಪ್ಯಾನೆಲ್ ರೂಮಿನ ಕುರ್ಚಿ ಖಾಲಿ. ತಲೆಯೆತ್ತಿದೆ. ಮೆಟ್ಟಿಲಿನ ಅರ್ಧದಲ್ಲಿ ಚಿಕ್ಕತಾಯಮ್ಮ ಕಂಬಿ ಹಿಡಿದು ಕೂತಿದ್ದರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕೈಯಲ್ಲಿ ಮೊಬೈಲು. ಕಣ್ಣು ಮುಚ್ಚಿದ್ದರು.

"ಚಿಕ್ಕತಾಯಮ್ಮ" ಎಂದೆ. ಅವರು ಬೆಚ್ಚಿ ಎದ್ದು ನಿಲ್ಲಲು ನೋಡಿದರು, ಆಗಲಿಲ್ಲ. "ಏನಿಲ್ಲ ಸಾ, ಸುಮ್ಕೆ ಗಾಳಿಗೆ ಕೂತಿದ್ದಿ" ಎಂದರು. ಆ ಮೆಟ್ಟಿಲ ಮೇಲೆ ಗಾಳಿ ಎಂಬುದು ಕಾರ್ಖಾನೆ ಶುರುವಾದಂದಿನಿಂದ ಬೀಸಿಲ್ಲ. ಅಷ್ಟರಲ್ಲಿ ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ಸಿದ್ದರಾಜು ಬಂದ. ನನ್ನನ್ನು ಕಂಡವನೇ ಬಕೆಟ್ಟನ್ನು ಹಿಂದೆ ಬಚ್ಚಿಡಲು ನೋಡಿದ. ಬಕೆಟ್ಟು ದೊಡ್ಡದು, ಅವನು ಸಣಕಲು.

ಇಬ್ಬರನ್ನೂ ಕೂರಿಸಿಕೊಂಡು ಕೇಳಿದ ಮೇಲೆ ವಿಷಯವೆಲ್ಲ ಹೊರಗೆ ಬಂತು. ನನ್ನ ಡಬ್ಬಿ ಮೊದಲ ವಾರದಿಂದಲೇ ಹನ್ನೆರಡು ಗಂಟೆ ದಾಟಿದರೆ ಬಿಸಿಗೆ ಸ್ತಬ್ಧವಾಗುತ್ತಿತ್ತು. ಕೆಲವು ಸಲ ದೀಪ ಮಿನುಗುತ್ತಲೇ ಇರುತ್ತಿತ್ತು, ಆದರೆ ಪರದೆಯ ಮೇಲಿನ ಲೆಕ್ಕ ಅರ್ಧ ಗಂಟೆ ಹಿಂದಿನದು. ಒಂದು ದಿನ ಹಾಗೆ ಹಳೆಯ ಲೆಕ್ಕ ನಂಬಿ ಒಂದು ತಟ್ಟೆ ಹೂವು ಕಪ್ಪಾಯಿತಂತೆ. ಆವತ್ತಿನಿಂದ ಚಿಕ್ಕತಾಯಮ್ಮ ಮಧ್ಯಾಹ್ನವೆಲ್ಲ ಮೊದಲಿನ ಹಾಗೆಯೇ ಮೆಟ್ಟಿಲು ಹತ್ತಿ, ಮೇಲಿನ ಹಳೆಯ ಮೀಟರ್ ನೋಡಿ, ಫೋನಿನಲ್ಲಿ ಹೇಳುತ್ತಿದ್ದರು. ಅದನ್ನು ಕೇಳಿ ಬೆಂಕಿ ಏರಿಸಿ ಇಳಿಸುವ ವಾಲ್ವ್ ಸಿದ್ದರಾಜುವಿನ ಕೈಯಲ್ಲಿತ್ತು, ಅದನ್ನು ಬಿಟ್ಟು ಅವನು ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಎರಡೂಕಾಲಿಗೆ ಡಬ್ಬಿಯನ್ನು ಆರಿಸಿ, ಒದ್ದೆ ಬಟ್ಟೆ ಹಾಕಿ, ಗಾಳಿ ಬೀಸಿ, ಮೂರಕ್ಕೆ ಐದು ನಿಮಿಷ ಇರುವಾಗ ಒರೆಸಿ ಹೊತ್ತಿಸುತ್ತಿದ್ದರು. ಇವತ್ತು ಮಳೆಗೆ ಒದ್ದೆಯಾದ ಹೂವಿಗೆ ಬೆಂಕಿ ಹೆಚ್ಚು ಹಾಕಿದ್ದರು, ಅದಕ್ಕೆ ಉಪಚಾರ ಮುಂಚೆಯೇ ಶುರುವಾಗಿತ್ತು. ದಿನಾ ಹಾಗೆ ಹೊತ್ತಿಸಿದ ಡಬ್ಬಿ ಹತ್ತು ನಿಮಿಷ ಚೆನ್ನಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ನಾನು ಟೀ ಕುಡಿದು ಬಂದು, ನೋಡಿ, ಮೆಚ್ಚಿ, ಹೋಗುತ್ತಿದ್ದೆ. ನಾನು ಹೋದ ಮೇಲೆ ಊದುಬತ್ತಿಯ ಬೂದಿಯನ್ನು ಸಿದ್ದರಾಜು ಬಾಯಿಂದ ಊದಿ ತೆಗೆಯುತ್ತಿದ್ದ. ಮೂರು ತಿಂಗಳು ನನ್ನೊಬ್ಬನಿಗಾಗಿ ದಿನಾ ಒಂದು ನಾಟಕ ನಡೆದಿತ್ತು, ನಾನು ದಿನಾ ಮುಂದಿನ ಸಾಲಿನಲ್ಲಿ ನಿಂತು ಸಂತೋಷಪಟ್ಟಿದ್ದೆ.

"ನನಗ್ಯಾಕೆ ಹೇಳಲಿಲ್ಲ?" ಎಂದೆ. ಕೋಪದಲ್ಲಿ ಕೇಳಬೇಕೆಂದಿದ್ದೆ, ನೆಗಡಿಗೆ ಧ್ವನಿ ಮೆತ್ತಗೆ ಬಂತು.

"ನಾ ಯೋಳಾನ ಅಂದಿ ಸಾ. ದೊಡ್ಡವ್ವನೇ ಬ್ಯಾಡ ಅಂದ್ಬುಡ್ತು" ಎಂದ ಸಿದ್ದರಾಜು.

ಚಿಕ್ಕತಾಯಮ್ಮ ನೆಲ ನೋಡುತ್ತ ಹೇಳಿದರು: "ಅಷ್ಟು ಜನದ ಮುಂದೆ ಚಪ್ಪಾಳೆ ಒಡೆದವ್ರೆ. ನೀವು ದಿನಾ ಬಂದು ನೋಡ್ಬುಟ್ಟು ಮಗಿಗೆ ಮುತ್ತು ಕೊಟ್ಟಂಗೆ ನಗ್ತಾ ಓಯ್ತಿದ್ರಿ. ಆ ಮೊಕ ನೋಡ್ಕಂಡು ಎಂಗೆ ಯೋಳನ ಸಾ? ನನ್ ಕಾಲ್ಗೆ ಬೂಟ್ ತಂದ್ಕೊಟ್ಟೋರು ನೀವು."

ಯಾವ ಬೂಟು ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಅವರು ತಮ್ಮ ಕಾಲು ತೋರಿಸಿದರು. ಆಮೇಲೆ ನೆನಪಾಯಿತು. ಐದಾರು ವರ್ಷದ ಹಿಂದೆ ಎಲ್ಲರಿಗೂ ಸೇಫ್ಟಿ ಬೂಟು ಕೊಡಿಸಿದಾಗ ಬಂದದ್ದೆಲ್ಲ ಗಂಡಸರ ಅಳತೆ. ಚಿಕ್ಕತಾಯಮ್ಮನ ಪಾದ ಸಣ್ಣದು. ಬೂಟಿನ ತುದಿಗೆ ಬಟ್ಟೆ ತುರುಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಒಂದು ದಿನ ಜಾರಿದ್ದನ್ನು ನೋಡಿ, ನಾನು ಮೈಸೂರಿನಲ್ಲಿ ನಾಲ್ಕೈದು ಅಂಗಡಿ ಅಲೆದು ಅವರ ಅಳತೆಯದೊಂದು ಜೊತೆ ಹುಡುಕಿ ತಂದಿದ್ದೆ. ಕೊನೆಯ ಅಂಗಡಿಯಲ್ಲಿ ಒಂದೇ ಜೊತೆ ಇತ್ತು, ಅಂಗಡಿಯವನು ಒಂದು ರೂಪಾಯಿಯೂ ಬಿಡಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು, ಹೇಳಿದ ಬೆಲೆ ಕೊಟ್ಟು ಬಂದೆ. ನನ್ನ ನೆನಪಿನ ಪುಸ್ತಕದಲ್ಲಿ ಅದು ಇದ್ದದ್ದು ಸೋಲಿನ ಪಟ್ಟಿಯಲ್ಲಿ. ಯಾರಿಗೂ ಹೇಳಿರಲಿಲ್ಲ. ನಾನು ನಾಚಿಕೆಯಿಂದ ಮರೆತದ್ದನ್ನು ಅವರು ಇಷ್ಟು ವರ್ಷ ನೆನಪಿನಲ್ಲಿ ಇಟ್ಟುಕೊಂಡಿದ್ದರು, ಅದಕ್ಕಾಗಿ ಮೂರು ತಿಂಗಳು ಸವೆದ ಮಂಡಿಯಲ್ಲಿ ಮೆಟ್ಟಿಲು ಹತ್ತಿದ್ದರು. ನನಗೆ ಕಣ್ಣಲ್ಲಿ ನೀರು ಬಂತು. ನೆಗಡಿ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ.

ಮಧ್ಯಾಹ್ನದ ಬಸ್ಸು ಹೋಗಿತ್ತು. ನಾನು ಮೇಜಿನ ಮುಂದೆ ಕೂತು, ಮೂರು ತಿಂಗಳ ಹಿಂದೆ ವ್ಯಾಪಾರಿ ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನೆದುಕೊಂಡೆ. ಲೋಹದ ಮೈ ಎಂದಿದ್ದ; ಆ ಒದ್ದೆ ಟವೆಲ್ಲು ಬೇಕಾಗಿರಲಿಲ್ಲ ಎಂದು ಅದರರ್ಥ. ಫ್ಯಾನಿಲ್ಲ, ಧೂಳು ಹೋಗಲ್ಲ ಎಂದಿದ್ದ; ಸಿದ್ದರಾಜು ಊದಬೇಕಾಗಿರಲಿಲ್ಲ. ಎಪ್ಪತ್ತೈದು ಡಿಗ್ರಿ ಎಂದಿದ್ದ. ಅದನ್ನೇ ತಂದಿದ್ದರೆ ಚಿಕ್ಕತಾಯಮ್ಮ ಹನ್ನೆರಡು ಗಂಟೆಯ ಮೇಲೂ ಕುರ್ಚಿಯಲ್ಲೇ ಇರುತ್ತಿದ್ದರು. ಆತ ಬೆಲೆಯನ್ನು ಎಷ್ಟು ಬಿಡಿಸಿ ಹೇಳಿದ್ದ, ನಾನು ಮೈನಸ್ಸು ಬೇಡ ಎಂದು ಜಗಳವಾಡಿದ್ದೆ. ನಲವತ್ತು ಸಾವಿರ ಉಳಿಯಿತು ಎಂದು ಬಸ್ಸಿನಲ್ಲಿ ಹೇಳಿಕೊಂಡು ತಿರುಗಿದೆನಲ್ಲ, ಅದು ಉಳಿದಿರಲಿಲ್ಲ. ಚಿಕ್ಕತಾಯಮ್ಮ ಅದನ್ನು ಮೆಟ್ಟಿಲಿನ ಲೆಕ್ಕದಲ್ಲಿ ಕಟ್ಟುತ್ತಿದ್ದರು. ಇಂಥ ಸಣ್ಣ ವಿಷಯ ನನ್ನಂಥ ಬುದ್ಧಿವಂತನಿಗೆ ತಿಳಿಯಲು ನೆಗಡಿ ಬರಬೇಕಾಯಿತು.

ಬಾಲನ್ ಸಾರ್ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಟವೆಲ್ಲಿನ ವಿಷಯ ಹೇಳುವಾಗ ಅವರು ನಗು ತಡೆಯಲು ಕಿಟಕಿ ನೋಡಿದರು. ಮೆಟ್ಟಿಲಿನ ವಿಷಯ ಹೇಳುವಾಗ ನನ್ನನ್ನೇ ನೋಡಿದರು. "ಚಪ್ಪಾಳೆ ಮೊದಲು ಹೊಡೆದಿದ್ದು ನಾನಲ್ಲವಾ? ಅರ್ಧ ತಪ್ಪು ನಂದು" ಎಂದರು. ಆ ಹೊತ್ತಿನಲ್ಲೂ ನನ್ನ ಬಾಯಿ 'ಮುಕ್ಕಾಲು ಮಾಡಿಕೊಳ್ಳಿ ಸಾರ್' ಎನ್ನಲು ಹೊರಟಿತ್ತು. ಹಲ್ಲು ಕಚ್ಚಿ ತಡೆದೆ. ಅವರು ಅಲ್ಲೇ ಸಹಿ ಹಾಕಿಕೊಟ್ಟರು. ಮುಂದಿನ ಮೀಟಿಂಗಿನಲ್ಲಿ ನೀವೇ ಎಲ್ಲರಿಗೂ ಹೇಳಬೇಕು ಎಂದರು. ಹೇಳಿದೆ. ಈ ಸಲ ಚಪ್ಪಾಳೆ ಬೀಳಲಿಲ್ಲ, ಆದರೆ ಮೀಟಿಂಗು ಮುಗಿದ ಮೇಲೆ ಪ್ಯಾಕಿಂಗಿನವರು, ಬಾಯ್ಲರಿನವರು ಒಬ್ಬೊಬ್ಬರೇ ನನ್ನ ಮೇಜಿಗೆ ಬಂದು, ನಾನು ಅಗ್ಗಕ್ಕೆ ತಂದು ಅವರು ಇಷ್ಟು ದಿನ ಸಹಿಸಿಕೊಂಡಿದ್ದ ಬೇರೆ ಬೇರೆ ವಸ್ತುಗಳ ಬಗ್ಗೆ ಮೆಲ್ಲಗೆ ಹೇಳಿಹೋದರು. ಆ ಪಟ್ಟಿ ದೊಡ್ಡದಿದೆ, ಇಲ್ಲಿ ಬರೆಯುವುದಿಲ್ಲ.

ಮೈಸೂರಿನ ವ್ಯಾಪಾರಿಗೆ ಮತ್ತೆ ಫೋನ್ ಮಾಡಿದೆ. ನನ್ನ ಧ್ವನಿ ಕೇಳಿದ ಕೂಡಲೇ ಆತ ನಿಟ್ಟುಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. "ನಲವತ್ತೆರಡು ಅಂದ್ರಲ್ಲ, ಕಳಿಸಿಬಿಡಿ" ಎಂದೆ. ಒಂದು ಪೈಸೆ ಇಳಿಸಬಾರದು ಎಂದು ಬೆಳಿಗ್ಗೆ ದೇವರ ಮುಂದೆ ನಿಂತು ನಿಶ್ಚಯ ಮಾಡಿಕೊಂಡಿದ್ದೆ. ಆದರೂ ಫೋನ್ ಇಡುವ ಮೊದಲು, "ಕೊರಿಯರ್ ಖರ್ಚು ನಿಮ್ಮದೇ ತಾನೆ?" ಎಂಬ ಮಾತು ಎಲ್ಲಿಂದಲೋ ಬಂದುಬಿಟ್ಟಿತು. ಆತ ಆಗಲಿ ಎಂದ. ನನಗೆ ನನ್ನ ಮೇಲೆ ಬೇಸರವೂ ಆಯಿತು, ಸ್ವಲ್ಪ ಸಮಾಧಾನವೂ ಆಯಿತು. ಮನೆಗೆ ಬಂದು ಗೌರಮ್ಮನಿಗೆ ಮೊದಲಿಂದ ಕೊನೆಯವರೆಗೆ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಒಳಗಿಂದ ಎಣ್ಣೆಯ ಸೀಸೆ ತಂದು, ಮಂಡಿ ನೋವಿಗೆ ಅವಳ ತವರಿನವರು ಕಾಸುವ ಎಣ್ಣೆ ಅದು, "ನಾಳೆ ಆಯಮ್ಮನಿಗೆ ಕೊಡಿ. ನಾನು ಕೊಟ್ಟೆ ಅಂತ ಹೇಳಿ, ನೀವು ಕೊಟ್ಟಿದ್ದು ಅಂದ್ರೆ ಪಾಪ ಇನ್ನಷ್ಟು ಮೆಟ್ಟಿಲು ಹತ್ತುತ್ತಾರೆ" ಎಂದಳು.

ಎಂಟನೆಯ ದಿನ ಹೊಸ ಡಬ್ಬಿ ಬಂತು. ಕೈಯಲ್ಲಿ ಹಿಡಿದರೆ ಒಂದು ಸೇರು ಅಕ್ಕಿಯಷ್ಟು ಭಾರ. ಸಿದ್ದರಾಜು ಅದನ್ನು ಗೋಡೆಗೆ ಹಾಕಿ, ಎರಡು ದಿನ ತನ್ನ ಬಳಿಯಿದ್ದ ಇನ್ನೊಂದು ಮೀಟರಿನಿಂದ ಅಳೆದು ನೋಡಿ, ಪರದೆಯ ಮೇಲಿನ ಲೆಕ್ಕ ಅರ್ಧ ಡಿಗ್ರಿಯೂ ತಪ್ಪುತ್ತಿಲ್ಲ ಎಂದ. ಮೂರನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ, ಯಾರಿಗೂ ಹೇಳದೆ, ನಾನು ಅಲ್ಲಿಗೆ ಹೋದೆ. ದೀಪ ಎಂಟೂ ಉರಿಯುತ್ತಿದ್ದವು. ಚಿಕ್ಕತಾಯಮ್ಮ ಮಾತ್ರ ಕುರ್ಚಿಯಲ್ಲಿರಲಿಲ್ಲ. ಮೆಟ್ಟಿಲಿನ ಬುಡದಲ್ಲಿ, ಕಂಬಿಗೆ ಕೈ ಹಾಕಿ, ಮೊದಲನೇ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು.

"ಮತ್ತೆ ಯಾಕಮ್ಮ?" ಎಂದೆ.

"ದೀಪ ಉರೀತಾ ಅವೆ ಸಾ, ಸರಿ. ಮೊದ್ಲಿನ್ ಡಬ್ಬೀವೂ ಉರೀತಿದ್ದೋ. ಒಂದ್ಸಲ ಅತ್ತಿ ಕಣ್ಣಾರ ನೋಡ್ಬುಟ್ಟು ಬಂದ್ರೆ ಮನಸ್ಗೆ ಸಮಾದಾನ" ಎಂದರು. ಸಿದ್ದರಾಜು ಅಳೆದಿದ್ದಾನಲ್ಲ ಎಂದೆ. "ಅವ್ನು ಅಳೆದಿರೋದು ಮಿಸನ್ನಲ್ಲಿ. ಮಿಸನ್ನು ಮಿಸನ್ನೇ ನೋಡೋದಲ್ವಾ ಸಾ?" ಎಂದರು. ದೀಪ ನಂಬಬಾರದೆಂದು ಅವರಿಗೆ ಕಲಿಸಿದವನೇ ನಾನು.

"ನೀವು ಹೋಗಿ ಕೂತ್ಕೊಳ್ಳಿ, ನಾನು ಹತ್ತಿ ನೋಡಿ ಹೇಳ್ತೀನಿ" ಎಂದೆ. "ನಿಮ್ಗ್ಯಾಕೆ ಸಾ" ಎಂದರು. ನಾನು ಕೇಳಲಿಲ್ಲ. ಆರು ಮೆಟ್ಟಿಲವರೆಗೆ ಗತ್ತಿನಿಂದ ಹೋದೆ. ಹತ್ತಕ್ಕೆ ಕಂಬಿ ಹಿಡಿದೆ. ಕಂಬಿ ಬಿಸಿ ಇತ್ತು. ಹದಿನಾಲ್ಕಕ್ಕೆ ನಿಂತು, ಕೆಳಗಿನವರಿಗೆ ಕಾರ್ಖಾನೆಯ ಮೇಲ್ವಿಚಾರಣೆ ಮಾಡುವವನ ಹಾಗೆ ಕಾಣಲಿ ಎಂದು ಆ ಕಡೆ ಈ ಕಡೆ ನೋಡಿದೆ. ಇಪ್ಪತ್ತರ ಮೇಲೆ ಎಣಿಸುವುದನ್ನು ಬಿಟ್ಟೆ. ಇದನ್ನು ಅರ್ಧ ಗಂಟೆಗೊಮ್ಮೆ, ಹನ್ನೊಂದು ವರ್ಷ, ಅದರ ಮೇಲೆ ನನಗೋಸ್ಕರ ಇನ್ನೂ ಮೂರು ತಿಂಗಳು. ಮೇಲೆ ಹೋಗಿ ನಿಂತಾಗ ಉಸಿರು ಎಲ್ಲೋ, ನಾನು ಎಲ್ಲೋ. ಮೀಟರಿನ ಮುಂದೆ ಬಗ್ಗಿದೆ. ಆಗ ಗೊತ್ತಾಯಿತು, ಓದುವ ಕನ್ನಡಕ ನನ್ನ ಮೇಜಿನ ಮೇಲೆ ಉಳಿದಿದೆ. ಮುಳ್ಳು ಎಲ್ಲಿದೆಯೋ, ಗೆರೆ ಎಲ್ಲಿದೆಯೋ, ನನ್ನ ಕಣ್ಣಿಗೆ ಅದೊಂದು ಬಿಳಿಯ ತಟ್ಟೆ.

ಫೋನು ಬಡಿದುಕೊಂಡಿತು. ಪ್ಯಾನೆಲ್ ರೂಮಿನ ಕುರ್ಚಿಯಿಂದ ಚಿಕ್ಕತಾಯಮ್ಮ.

"ಇಲ್ಲಿ ಎಪ್ಪತ್ತೆರಡೂವರೆ ತೋರುಸ್ತಾ ಅದೆ ಸಾ. ಅಲ್ಲೆಷ್ಟದೆ?"

"ಎಪ್ಪತ್ತೆರಡೂವರೆ ಕಣಮ್ಮ" ಎಂದೆ. ಆ ಅರ್ಧವನ್ನೂ ಬಿಡಲಿಲ್ಲ.

"ಹಂಗಾದ್ರೆ ಸರಿ, ಇನ್ನ ನಾ ಅತ್ತಾಕಿಲ್ಲ ಬುಡಿ" ಎಂದರು. ಕುರ್ಚಿ ಕಿರ್ ಎಂದ ಸದ್ದು ಫೋನಿನಲ್ಲಿ ಕೇಳಿಸಿತು, ಬೆನ್ನು ಒರಗಿಸಿರಬೇಕು. ನಾನು ಮಾತ್ರ ಇಪ್ಪತ್ತಾರು ಮೆಟ್ಟಿಲ ಮೇಲೆ, ಬಿಸಿ ಕಂಬಿ ಹಿಡಿದು, ಇಳಿಯಲು ಧೈರ್ಯ ಸಾಲದೆ, ಸಿದ್ದರಾಜು ಯಾವಾಗ ಈ ಕಡೆ ಬರುತ್ತಾನೋ ಎಂದು ನೋಡುತ್ತ ಬಹಳ ಹೊತ್ತು ನಿಂತಿದ್ದೆ.